ಮಾರ್ಟಿನಿಗೆ ಯಾವ ಜಿನ್? ಮೊದಲು ಫ್ರೀಜರ್‌ನ ಬಂಗುಡೆ ನೋಡಿ

ಪ್ರಶ್ನೆ: ನನ್ನ ಮನೆ ಉಡುಪಿಯಲ್ಲಿ, ಕೆಲಸ ಮಣಿಪಾಲದಲ್ಲಿ. ಇತ್ತೀಚೆಗೆ ಬೆಂಗಳೂರಿನ ಒಂದು ಬಾರ್‌ನಲ್ಲಿ ಗೆಳೆಯರೊಬ್ಬರು ಕ್ಲಾಸಿಕ್ ಮಾರ್ಟಿನಿ ಕುಡಿಸಿದರು. ತುಂಬಾ ಹಿಡಿಸಿತು. ಮನೆಯಲ್ಲೂ ಮಾಡೋಣ ಅಂತ ದುಬಾರಿ ಜಿನ್ ಒಂದನ್ನು ತಂದೆ, ಹೂವು ಹಣ್ಣಿನ ಪರಿಮಳ ಇರುವಂಥದ್ದು. ಟಾನಿಕ್ ವಾಟರ್ (ಕಹಿ ಸೋಡಾ) ಜೊತೆ ಸೊಗಸಾಗಿತ್ತು. ಮಾರ್ಟಿನಿಗೆ ಜಿನ್ ಜೊತೆ ಹಾಕುವ ವರ್ಮೂತ್ ಕಳೆದ ಕ್ರಿಸ್‌ಮಸ್‌ಗೆ ತೆರೆದದ್ದು ಶೋಕೇಸಿನಲ್ಲೇ ಇತ್ತು. ಎರಡನ್ನೂ ಸೇರಿಸಿ ಮಾರ್ಟಿನಿ ಮಾಡಿದರೆ ಕೆಮ್ಮಿನ ಔಷಧದ ಹಾಗೆ ಆಯಿತು. ಕೊನೆಗೆ ಬಾಯಲ್ಲಿ ಇನ್ನೆಂತದೋ ವಾಸನೆ ಬೇರೆ. ಭಾವ ಮುಂದಿನ ತಿಂಗಳು ದುಬಾಯಿಯಿಂದ ಬರುತ್ತಿದ್ದಾರೆ. ಅವರಿಂದ ಯಾವ ಜಿನ್ ತರಿಸಲಿ? ನಮ್ಮ ದೇಶದ ಜಿನ್‌ಗಳಲ್ಲಿ ಇದಕ್ಕೆ ಆಗುವಂಥದ್ದು ಇದೆಯಾ?

ಉತ್ತರ: ಭಾವನಿಗೆ ಫೋನ್ ಮಾಡುವ ಮೊದಲು ಒಮ್ಮೆ ನಿಮ್ಮ ಮನೆಯ ಫ್ರೀಜರ್ ಬಾಗಿಲು ತೆರೆದು ನೋಡಿ. ಒಳಗೆ ಬಂಗುಡೆ ಇದೆಯಾ? ಬೂತಾಯಿ? ಅಂಜಲ್‌ನ ಎರಡು ತುಂಡು? ನೀವು ಬರೆದ ಆ "ಇನ್ನೆಂತದೋ ವಾಸನೆ" ಅಲ್ಲಿಂದ ಐಸ್‌ಗೆ ಹತ್ತಿ ಬಂದಿರುವ ಸಾಧ್ಯತೆಯೇ ಜಾಸ್ತಿ. ಮೀನು ತಿನ್ನದ ಮನೆಯಾದರೆ ಕ್ಷಮಿಸಿ. ಆಗ ಅದು ದೋಸೆ ಹಿಟ್ಟೋ ಬೆಳ್ಳುಳ್ಳಿ ಪೇಸ್ಟೋ ಇರಬೇಕು.

ನಗಬೇಡಿ ಮಾರಾಯ್ರೇ, ನನಗೂ ಇದೇ ಆಗಿದೆ. ಹದಿನಾಲ್ಕು ವರ್ಷ ಕ್ರೂಸ್ ಹಡಗುಗಳ ಬಾರ್‌ನಲ್ಲಿ ದುಡಿದು ಊರಿಗೆ ಬಂದವನು ನಾನು. ಬಂದ ವಾರವೇ ಕಂಕನಾಡಿಯ ಮನೆಯಲ್ಲಿ ಅಣ್ಣನಿಗೆ ಮಾರ್ಟಿನಿ ಮಾಡಿಕೊಟ್ಟೆ. ಒಳ್ಳೆಯ ಜಿನ್, ಹೊಸ ವರ್ಮೂತ್, ಲೆಕ್ಕ ತಪ್ಪದ ಅಳತೆ. ಅಣ್ಣ ಒಂದು ಗುಟುಕು ಕುಡಿದು, ಗ್ಲಾಸ್ ಕೆಳಗಿಟ್ಟು, ಬಹಳ ಗಂಭೀರವಾಗಿ ಕೇಳಿದ: "ಇದಕ್ಕೆ ಮೀನೂ ಹಾಕ್ತಾರಾ?" ಮಾರ್ಟಿನಿಯಲ್ಲಿ ಸಕ್ಕರೆ ಇಲ್ಲ, ಸೋಡಾ ಇಲ್ಲ, ಜ್ಯೂಸ್ ಇಲ್ಲ. ಜಿನ್, ವರ್ಮೂತ್ ಅನ್ನುವ ಗಿಡಮೂಲಿಕೆಯ ವೈನ್, ಮತ್ತು ಕರಗಿದ ಐಸಿನ ನೀರು, ಅಷ್ಟೇ. ಮೂರರಲ್ಲಿ ಒಂದು ಕೆಟ್ಟರೂ ಮರೆಮಾಡಲು ಏನೂ ಇರುವುದಿಲ್ಲ. ಆದ್ದರಿಂದ ಜಿನ್ ಬಗ್ಗೆ ಮಾತ್ರ ಹೇಳಿ ಮುಗಿಸಿದರೆ ನಿಮಗೆ ಮೋಸ ಮಾಡಿದ ಹಾಗೆ. ಆದರೂ ಕೇಳಿದ್ದು ಜಿನ್, ಅದರಿಂದಲೇ ಶುರು ಮಾಡುತ್ತೇನೆ.

ಜಿನ್ ಅಂದರೆ ಸಾದಾ ಸ್ಪಿರಿಟ್‌ಗೆ ಜುನಿಪರ್‌ನ ಪರಿಮಳ ಹತ್ತಿಸಿದ ಮದ್ಯ. ಜುನಿಪರ್ ಕಾಯಿ ಅಂತ ನಾವು ಕರೆದರೂ ಅದು ಸೈಪ್ರೆಸ್ ಬಳಗದ ಒಂದು ಪೊದೆಯ ಪುಟ್ಟ ಕೋನ್, ಒಣಗಿದಾಗ ಒಳ್ಳೆಮೆಣಸಿಗಿಂತ ಸ್ವಲ್ಪ ದೊಡ್ಡದು, ನೀಲಿ ಮಿಶ್ರಿತ ಕಪ್ಪು. ಆಯುರ್ವೇದದಲ್ಲಿ ಇದಕ್ಕೆ ಹಪುಷಾ ಅನ್ನುತ್ತಾರೆ. ವಾಸನೆ ಹೇಗೆ ಅಂತ ಕೇಳಿದರೆ ನನ್ನ ವಿದ್ಯಾರ್ಥಿಗಳಿಗೆ ಪೇಂಟ್ ಅಂಗಡಿ ನೆನಪಿಸಿಕೊಳ್ಳಲು ಹೇಳುತ್ತೇನೆ. ಟರ್ಪೆಂಟೈನ್‌ನಲ್ಲಿ ಇರುವ ಪೈನೀನ್ ಎಂಬ ಅಂಶವೇ ಜುನಿಪರ್‌ನಲ್ಲೂ ಮುಖ್ಯ. ಅದರ ಜೊತೆಗೆ ಸ್ವಲ್ಪ ಲಿಂಬೆ ಸಿಪ್ಪೆ, ಸ್ವಲ್ಪ ಒಳ್ಳೆಮೆಣಸು, ಸ್ವಲ್ಪ ಮಳೆ ಬಿದ್ದ ಕಾಡು. ಇದು ನಿಮಗೆ ಇಷ್ಟವಿಲ್ಲದಿದ್ದರೆ ಮಾರ್ಟಿನಿಯೂ ಇಷ್ಟವಾಗುವುದು ಕಷ್ಟ. ಇಷ್ಟವಾಗಿದೆ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಚಿಂತೆ ಇಲ್ಲ.

ಜುನಿಪರ್ ಬಿಟ್ಟರೆ ಜಿನ್‌ನಲ್ಲಿ ಎರಡನೇ ದೊಡ್ಡ ಪಾಲು ಬಹಳ ಸಲ ಕೊತ್ತಂಬರಿ ಬೀಜದ್ದು. ಹೌದು, ನಾವು ಕೋರಿ ಗಸಿಗೆ (ಕೋಳಿ ಸಾರಿಗೆ) ಹುರಿಯುವ ಅದೇ ಕೊತ್ತಂಬರಿ. ಹುರಿಯದೆ ಬಟ್ಟಿ ಇಳಿಸಿದಾಗ ಅದರಿಂದ ಲಿಂಬೆಯಂಥ ಘಮ ಬರುತ್ತದೆ. ಆಮೇಲೆ ಆಂಜೆಲಿಕಾ ಎಂಬ ಬೇರು, ಜ್ಯೇಷ್ಠಮಧು, ಲಿಂಬೆ ಕಿತ್ತಳೆ ಸಿಪ್ಪೆ, ಚಕ್ಕೆ. ಇವೆಲ್ಲ ಜುನಿಪರ್‌ನ ಹಿಂದೆ ನಿಲ್ಲಬೇಕು. ಯಕ್ಷಗಾನದಲ್ಲಿ ಭಾಗವತರ ಧ್ವನಿ ಕೇಳಬೇಕಲ್ವಾ? ಚೆಂಡೆ ಮದ್ದಳೆ ಎಷ್ಟೇ ಚೆನ್ನಾಗಿದ್ದರೂ ಪದ್ಯ ಕೇಳದಿದ್ದರೆ ಆಟ ಕೆಟ್ಟ ಹಾಗೆ.

ನಿಮ್ಮ ದುಬಾರಿ ಬಾಟಲಿ ಎಡವಿದ್ದು ಇಲ್ಲೇ ಅಂತ ನನ್ನ ಅಂದಾಜು. ಈಗಿನ ಹಲವು ಜಿನ್‌ಗಳನ್ನು ಟಾನಿಕ್ ಮನಸ್ಸಿನಲ್ಲಿಟ್ಟುಕೊಂಡೇ ಮಾಡುತ್ತಾರೆ. ಟಾನಿಕ್‌ನಲ್ಲಿ ಸಕ್ಕರೆ ಇದೆ, ಗ್ಯಾಸ್ ಇದೆ, ಕ್ವಿನೈನ್‌ನ ಕಹಿ ಇದೆ. ಗುಳ್ಳೆಗಳು ಹೂವಿನ ಪರಿಮಳವನ್ನು ಮೂಗಿನವರೆಗೆ ಎತ್ತಿಕೊಂಡು ಬರುತ್ತವೆ, ಸಕ್ಕರೆ ಅದನ್ನು ಹಣ್ಣಿನ ಹಾಗೆ ತೋರಿಸುತ್ತದೆ. ಮಾರ್ಟಿನಿಯಲ್ಲಿ ಈ ಸಹಾಯ ಯಾವುದೂ ಇಲ್ಲ. ಅದು ಮಂಜಿನಷ್ಟು ತಣ್ಣಗಿರುತ್ತದೆ. ತಣ್ಣಗಾದಾಗ ನಾಲಗೆಗೆ ಸಿಹಿ ಗೊತ್ತಾಗುವುದು ಕಡಿಮೆ, ನಾಜೂಕಾದ ಪರಿಮಳ ಮೇಲೆ ಬರುವುದೂ ಕಡಿಮೆ. ಗುಲಾಬಿ, ಲ್ಯಾವೆಂಡರ್ ಇಂಥವು ಒಂದೋ ಮಾಯವಾಗುತ್ತವೆ, ಇಲ್ಲವೇ ಸೋಪಿನ ಹಾಗೆ ಉಳಿಯುತ್ತವೆ. ಜೊತೆಗೆ ವರ್ಮೂತ್‌ನಲ್ಲೂ ಅದರದ್ದೇ ಹತ್ತಾರು ಗಿಡಮೂಲಿಕೆ ಇರುತ್ತದೆ. ಇಪ್ಪತ್ತು ಸಾಮಾನು ಹಾಕಿದ ಜಿನ್‌ಗೆ ಅದನ್ನು ಸುರಿದರೆ ಒಂದು ಗಸಿಯ ಮೇಲೆ ಇನ್ನೊಂದು ಗಸಿ ಸುರಿದ ಹಾಗೆ. ಎರಡೂ ಬೇರೆ ಬೇರೆ ರುಚಿಯಾಗಿದ್ದವು, ಸೇರಿದ ಮೇಲೆ ಔಷಧ.

ಹಾಗಾಗಿ ಅಂಗಡಿಯಲ್ಲಿ ಬಾಟಲಿಯ ಚಂದ ನೋಡಬೇಡಿ, ಲೇಬಲ್ ಓದಿ. ಮೊದಲು ಹುಡುಕಬೇಕಾದ್ದು "ಲಂಡನ್ ಡ್ರೈ" ಅನ್ನುವ ಮಾತು. ಲಂಡನ್‌ನಲ್ಲೇ ಮಾಡಿದ್ದು ಅಂತ ಇದರ ಅರ್ಥ ಅಲ್ಲ, ಗೋವಾದಲ್ಲೂ ಲಂಡನ್ ಡ್ರೈ ಮಾಡುತ್ತಾರೆ. ಅದು ಮಾಡುವ ಕ್ರಮದ ಹೆಸರು. ಯುರೋಪಿನ ನಿಯಮದ ಪ್ರಕಾರ ಪರಿಮಳವೆಲ್ಲ ನಿಜವಾದ ಗಿಡಮೂಲಿಕೆಯನ್ನು ಸ್ಪಿರಿಟ್ ಜೊತೆ ಬಟ್ಟಿ ಇಳಿಸುವಾಗಲೇ ಬರಬೇಕು. ಆಮೇಲೆ ಎಸೆನ್ಸ್ ಹಾಕುವಂತಿಲ್ಲ, ಬಣ್ಣ ಹಾಕುವಂತಿಲ್ಲ. ಸಿಹಿ ಲೀಟರಿಗೆ 0.1 ಗ್ರಾಮ್ ದಾಟುವಂತಿಲ್ಲ, ಅಂದರೆ ಇಲ್ಲವೇ ಇಲ್ಲ ಅಂತ ಲೆಕ್ಕ. ಮಾರ್ಟಿನಿಗೆ ಬೇಕಾದ್ದು ಈ ಒಣ, ಅಂದರೆ ಸಿಹಿಯಿಲ್ಲದ, ಗುಣವೇ. ಗುಲಾಬಿ ಬಣ್ಣದ್ದು, ಸ್ಟ್ರಾಬೆರಿ ಹೆಸರಿನದ್ದು, "ಓಲ್ಡ್ ಟಾಮ್" ಅಂತ ಬರೆದ ಸಿಹಿ ಜಿನ್, ಇವೆಲ್ಲ ಬೇರೆ ಕೆಲಸಕ್ಕೆ ಇರಲಿ.

ಎರಡನೆಯದು ಶಕ್ತಿ, ಅಂದರೆ ಆಲ್ಕೊಹಾಲ್ ಶೇಕಡಾ ಎಷ್ಟು ಅನ್ನುವುದು. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ, ನಾನಾದರೆ ಬ್ರ್ಯಾಂಡ್‌ಗಿಂತ ಮೊದಲು ಇದನ್ನೇ ನೋಡುತ್ತೇನೆ. ಒಂದು ಸಣ್ಣ ಲೆಕ್ಕ ಮಾಡೋಣ. 60 ಮಿ.ಲೀ. ಜಿನ್, ಅಂದರೆ ಒಂದು ಲಾರ್ಜ್. 15 ಮಿ.ಲೀ. ವರ್ಮೂತ್, ಅದರ ಶಕ್ತಿ ಶೇ 18 ಅಂತ ಇಟ್ಟುಕೊಳ್ಳಿ. ಐಸ್ ಜೊತೆ ಕಲಕಿದಾಗ ಸುಮಾರು 20 ಮಿ.ಲೀ. ನೀರು ಸೇರುತ್ತದೆ. ಒಟ್ಟು 95. ಜಿನ್ ಶೇ 37.5ರದ್ದಾದರೆ ಗ್ಲಾಸಿನಲ್ಲಿ ಉಳಿಯುವುದು ಸುಮಾರು ಶೇ 26.5. ಶೇ 42.8 ಆದರೆ 30ರ ಹತ್ತಿರ. ಶೇ 47.3 ಆದರೆ 33ರ ಹತ್ತಿರ. ಅಂಕೆಯಲ್ಲಿ ವ್ಯತ್ಯಾಸ ಕಡಿಮೆ ಅನ್ನಿಸಬಹುದು, ಬಾಯಲ್ಲಿ ಕಡಿಮೆ ಅಲ್ಲ. ಜುನಿಪರ್‌ನ ಪರಿಮಳ ಎಣ್ಣೆಯ ರೂಪದಲ್ಲಿರುತ್ತದೆ, ಅದನ್ನು ಹಿಡಿದಿಟ್ಟುಕೊಳ್ಳುವುದು ಆಲ್ಕೊಹಾಲ್. 37.5ರ ಜಿನ್ ಐಸ್ ನೀರಿನಲ್ಲಿ ಸೋತು ಮಲಗುತ್ತದೆ. ಅಮಲು ಜಾಸ್ತಿ ಆಗಲಿ ಅಂತ ಇದನ್ನು ಹೇಳುತ್ತಿಲ್ಲ. ರುಚಿಗೆ ಬೆನ್ನೆಲುಬು ಬೇಕು, ಅದಕ್ಕೆ.

ಈ ವಿಷಯದಲ್ಲಿ ನಮ್ಮ ದೇಶದ ಬಾಟಲಿಗಳಿಗೆ ಸುಮ್ನೆ ಒಂದು ಅದೃಷ್ಟ ಇದೆ. ಇಲ್ಲಿನ ಹೆಚ್ಚಿನ ಮದ್ಯ ಶೇ 42.8. ಈ ವಿಚಿತ್ರ ಅಂಕೆ ಮದ್ಯದ ಶಕ್ತಿ ಅಳೆಯುವ ಬ್ರಿಟಿಷರ ಕಾಲದ ಪ್ರೂಫ್ ಲೆಕ್ಕದಿಂದ ಬಂದದ್ದು. ಅವರ 100 ಪ್ರೂಫ್ ಅಂದರೆ ಸುಮಾರು ಶೇ 57.1. ಅದರ ಮುಕ್ಕಾಲು ಪಾಲು 42.8. ಹಳೇ ಬಾಟಲಿಗಳಲ್ಲಿ "25 ಅಂಡರ್ ಪ್ರೂಫ್" ಅಂತ ಬರೆದಿರುತ್ತಿದ್ದದ್ದು ಇದನ್ನೇ. ಇಂಗ್ಲೆಂಡಿನಲ್ಲಿ ಗಾರ್ಡನ್ಸ್ ಜಿನ್ ಶೇ 37.5ಕ್ಕೆ ಮಾರಾಟವಾಗುವಾಗ ನಮ್ಮ ಸಾದಾ ಜಿನ್ 42.8ರಲ್ಲಿ ಕೂತಿದೆ. ಮಾರ್ಟಿನಿಗೆ ಇದು ಸಾಕು.

ಈಗ ಭಾವನ ಸೂಟ್‌ಕೇಸಿಗೆ ಬರೋಣ. ಡ್ಯೂಟಿ ಫ್ರೀ ಮಿತಿ ಒಬ್ಬರಿಗೆ 2 ಲೀಟರ್, ವೈನ್ ಎಲ್ಲ ಸೇರಿ. ನಾನಾದರೆ ಟ್ಯಾಂಕರೆ ಲಂಡನ್ ಡ್ರೈ ತರಿಸುತ್ತೇನೆ, ಹಸಿರು ಬಾಟಲಿ. ಅದರಲ್ಲಿ ಬೀಳುವುದು ನಾಲ್ಕೇ ಸಾಮಾನು: ಜುನಿಪರ್, ಕೊತ್ತಂಬರಿ, ಆಂಜೆಲಿಕಾ ಬೇರು, ಜ್ಯೇಷ್ಠಮಧು. ನಾಲ್ಕರಲ್ಲಿ ಇಷ್ಟು ಗಟ್ಟಿ ಜಿನ್ ಮಾಡಬಹುದಾದರೆ ನಲವತ್ತು ಯಾಕೆ ಅಂತ ನನಗೆ ಆಗಾಗ ಅನ್ನಿಸುತ್ತದೆ. ಒಂದು ಎಚ್ಚರಿಕೆ: ಇದೇ ಹೆಸರು, ಇದೇ ಬಾಟಲಿ ಬೇರೆ ಬೇರೆ ಶಕ್ತಿಯಲ್ಲಿ ಬರುತ್ತದೆ. ಒಂದು ಶೇ 43.1, ಇನ್ನೊಂದು ಶೇ 47.3. ಎರಡೂ ಸಿಕ್ಕಿದರೆ 47.3ರದ್ದನ್ನೇ ತರಲು ಹೇಳಿ. ಲೇಬಲ್‌ನ ಫೋಟೋ ವಾಟ್ಸಾಪ್ ಮಾಡಿಸಿಕೊಳ್ಳಿ, ಭಾವಂದಿರ ಮೇಲೆ ಈ ವಿಷಯದಲ್ಲಿ ನಂಬಿಕೆ ಇಡುವುದು ಕಷ್ಟ.

ಅದು ಸಿಗದಿದ್ದರೆ ಬೀಫ್‌ಈಟರ್. ಒಂಬತ್ತು ಸಾಮಾನುಗಳನ್ನು ಸ್ಪಿರಿಟ್‌ನಲ್ಲಿ 24 ಗಂಟೆ ನೆನೆಸಿಟ್ಟು ಆಮೇಲೆ ಬಟ್ಟಿ ಇಳಿಸುತ್ತಾರೆ. ಟ್ಯಾಂಕರೆಗಿಂತ ಕಿತ್ತಳೆ ಲಿಂಬೆ ಸಿಪ್ಪೆಯ ಘಮ ಜಾಸ್ತಿ, ಬೆಲೆ ಸಾಮಾನ್ಯವಾಗಿ ಕಡಿಮೆ. ಹಡಗಿನಲ್ಲಿ "ಯಾವುದಾದರೂ ಆಗಬಹುದು" ಅಂದವರಿಗೆಲ್ಲ ನಾನು ಹಾಕುತ್ತಿದ್ದದ್ದು ಇದನ್ನೇ, ಒಬ್ಬರೂ ದೂರಲಿಲ್ಲ. ಪ್ಲಿಮತ್ ಜಿನ್ ಕಂಡರೆ ಅದೂ ಆಗುತ್ತದೆ. ಶೇ 41.2, ಸ್ವಲ್ಪ ಮೆತ್ತಗಿನ ಗುಣ, ಮೊದಲ ಸಲ ಕುಡಿಯುವವರಿಗೆ ಸುಲಭ.

ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಟ್ಯಾಂಕರೆ ನಂಬರ್ ಟೆನ್. ಒಣ ಸಿಪ್ಪೆಯ ಬದಲು ಇಡೀ ತಾಜಾ ಹಣ್ಣು ಬಳಸಿ ಮಾಡುವ ಜಿನ್ ಅದು. ಲಿಂಬೆ ಸಿಪ್ಪೆ ಹಾಕಿದ ಮಾರ್ಟಿನಿಗೆ ಬಹಳ ಚೆನ್ನ. ಆಲಿವ್ ಜೊತೆ ಮಾತ್ರ ನನಗೆ ಅಷ್ಟು ಹೊಂದುವುದಿಲ್ಲ. ಬಾಂಬೆ ಸಫೈರ್ ಬಗ್ಗೆ ಖಂಡಿತ ಕೇಳುತ್ತೀರಿ, ನೀಲಿ ಬಾಟಲಿ ಎಲ್ಲರಿಗೂ ಗೊತ್ತು. ಅದರ ಹತ್ತು ಸಾಮಾನುಗಳನ್ನು ನೆನೆಸುವುದಿಲ್ಲ. ಬುಟ್ಟಿಯಲ್ಲಿಟ್ಟು, ಮೇಲೇರುವ ಹಬೆಯನ್ನು ಅದರ ಮೂಲಕ ಹಾಯಿಸುತ್ತಾರೆ. ಇಡ್ಲಿ ಬೇಯಿಸಿದ ಹಾಗೆ ಅನ್ನಿ. ಹಾಗಾಗಿ ಜಿನ್ ಹಗುರ. ಟಾನಿಕ್‌ಗೆ ಹೇಳಿ ಮಾಡಿಸಿದಂತಿದೆ, ಮಾರ್ಟಿನಿಯಲ್ಲಿ ವರ್ಮೂತ್ ಸ್ವಲ್ಪ ಹೆಚ್ಚಾದರೂ ಸೋಲುತ್ತದೆ. ಹೆಂಡ್ರಿಕ್ಸ್‌ಗೆ ಬಟ್ಟಿ ಇಳಿಸಿದ ಮೇಲೆ ಗುಲಾಬಿ ಮತ್ತು ಸೌತೆಕಾಯಿಯ ಪರಿಮಳ ಸೇರಿಸುತ್ತಾರೆ. ಒಳ್ಳೆಯ ಜಿನ್, ಆದರೆ ಆಲಿವ್‌ನ ಉಪ್ಪಿಗೂ ಗುಲಾಬಿಗೂ ಏನು ಸಂಬಂಧ ಹೇಳಿ? ನೀವು ಕೇಳಿದ ಕ್ಲಾಸಿಕ್ ಮಾರ್ಟಿನಿ ಅದರಿಂದ ಬರುವುದಿಲ್ಲ.

ಇನ್ನು ನಮ್ಮ ದೇಶದ್ದು. ನನ್ನ ಹರೆಯದಲ್ಲಿ ಮಂಗಳೂರಿನ ಬಾರ್‌ಗಳಲ್ಲಿ ಜಿನ್ ಅಂದರೆ ಬ್ಲೂ ರಿಬಾಂಡ್, ಅದೂ ಲಿಮ್ಕಾ ಜೊತೆ. ಮದುವೆ ಮನೆಯಲ್ಲಿ ಆಂಟಿಯರ ಟೇಬಲ್‌ಗೆ ಹೋಗುತ್ತಿತ್ತು, ಗಂಡಸರು ಮುಟ್ಟುತ್ತಿರಲಿಲ್ಲ. 2017ರಲ್ಲಿ ಗೋವಾದಿಂದ ಗ್ರೇಟರ್ ದ್ಯಾನ್ ಬಂದ ಮೇಲೆ ಕಥೆಯೇ ಬದಲಾಯಿತು. ಮರುವರ್ಷ ಸ್ಟ್ರೇಂಜರ್ ಅಂಡ್ ಸನ್ಸ್, ಜೈಸಲ್ಮೇರ್, ಆಮೇಲೆ ಲೆಕ್ಕ ತಪ್ಪುವಷ್ಟು.

ಇವುಗಳಲ್ಲಿ ಮಾರ್ಟಿನಿಗೆ ನನ್ನ ಆಯ್ಕೆ ಗ್ರೇಟರ್ ದ್ಯಾನ್. ಅದು ಲಂಡನ್ ಡ್ರೈ, ಶೇ 42.8, ಜುನಿಪರ್ ಮ್ಯಾಸಿಡೋನಿಯಾದ್ದು. ಶುಂಠಿ, ಮಜ್ಜಿಗೆಹುಲ್ಲು ಇದ್ದರೂ ಹಿಂದೆ ನಿಂತಿವೆ. ಬೆಲೆಯೂ ಈ ಗುಂಪಿನಲ್ಲಿ ಹಿತವಾದದ್ದು. ಅದೇ ಕಂಪನಿಯ ಹಪುಸಾ ಹಿಮಾಲಯದ ಜುನಿಪರ್‌ನಿಂದ ಮಾಡಿದ್ದು, ಅರಸಿನ, ಮಾವು ಕೂಡ ಇದೆ. ಅದನ್ನು ನಾನು ಹಾಗೆಯೇ ಐಸ್ ಹಾಕಿ ಕುಡಿಯುತ್ತೇನೆ. ಮೊದಲ ಮಳೆಯ ಮಣ್ಣಿನ ವಾಸನೆ. ವರ್ಮೂತ್ ಹಾಕಿ ಅದನ್ನು ಹಾಳು ಮಾಡಲು ಮನಸ್ಸು ಬರುವುದಿಲ್ಲ. ಸ್ಟ್ರೇಂಜರ್ ಅಂಡ್ ಸನ್ಸ್‌ನಲ್ಲಿ ಒಳ್ಳೆಮೆಣಸು, ಜಾಯಿಕಾಯಿ, ಜಾಪತ್ರೆ, ಬಗೆಬಗೆಯ ಲಿಂಬೆ ಸಿಪ್ಪೆ. ಮಸಾಲೆಯ ಮಾರ್ಟಿನಿ ಇಷ್ಟವಾದರೆ ಚೆನ್ನಾಗಿಯೇ ಇರುತ್ತದೆ, ಕ್ಲಾಸಿಕ್ ಅನ್ನಲು ನಾಲಗೆ ಹೊರಳುವುದಿಲ್ಲ. ಜೈಸಲ್ಮೇರ್‌ನಲ್ಲಿ ಲಾವಂಚ, ಡಾರ್ಜಿಲಿಂಗ್ ಗ್ರೀನ್ ಟೀ ಇದೆ. ನನ್ನ ಮಟ್ಟಿಗೆ ಅದು ಟಾನಿಕ್ ಜಿನ್.

ಗೋವಾ ಅಂದ ಕೂಡಲೇ ಹೇಳಿಬಿಡುತ್ತೇನೆ. ಅಲ್ಲಿ ಅಗ್ಗ ಅಂತ ಬಸ್ಸಿನಲ್ಲಿ ನಾಲ್ಕು ಬಾಟಲಿ ತುಂಬಿಕೊಂಡು ಬರುವ ಯೋಚನೆ ಇದ್ದರೆ ಬಿಡಿ. ಪರ್ಮಿಟ್ ಇಲ್ಲದೆ ಗೋವಾದ ಮದ್ಯ ಕರ್ನಾಟಕಕ್ಕೆ ತರುವುದು ಅಪರಾಧ. ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ಬಿಚ್ಚಿಸಿಕೊಂಡು ನಿಲ್ಲುವ ಸುಖ ಯಾವ ಮಾರ್ಟಿನಿಯಿಂದಲೂ ಸರಿಹೋಗುವುದಿಲ್ಲ.

ಬಾಟಲಿ ಮನೆಗೆ ಬಂದ ಮೇಲೆ ಒಂದು ಪರೀಕ್ಷೆ ಮಾಡಿ. ಈಗಾಗಲೇ ಮನೆಯಲ್ಲಿರುವ ಹೂವಿನ ಜಿನ್ ಒಂದು ಲೋಟದಲ್ಲಿ, ಹೊಸದು ಇನ್ನೊಂದರಲ್ಲಿ. ತಲಾ 15 ಮಿ.ಲೀ. ಸಾಕು. ಅಷ್ಟೇ ನೀರು ಸೇರಿಸಿ. ಐಸ್ ಬೇಡ. ಮೇಲೆ ತಟ್ಟೆ ಮುಚ್ಚಿ ಎರಡು ನಿಮಿಷ ಬಿಡಿ. ಆಮೇಲೆ ತಟ್ಟೆ ಸರಿಸಿ ಮೂಗು ಇಡಿ. ನೀರು ಸೇರಿದ ಕೂಡಲೇ ಖಾರ ಇಳಿದು ಒಳಗಿನ ಸಾಮಾನು ಬಯಲಾಗುತ್ತದೆ. ಜಿನ್ ಪರೀಕ್ಷೆ ಮಾಡುವವರು ಮಾಡುವುದೂ ಇದನ್ನೇ. ಮೊದಲು ಮೂಗಿಗೆ ಬರುವುದು ಆ ಪೈನ್ ವಾಸನೆ ಆಗಿದ್ದರೆ ಮಾರ್ಟಿನಿಗೆ ಸರಿ. ಮೊದಲು ಹೂವು, ಮಿಠಾಯಿ ಅಥವಾ ಅಗರಬತ್ತಿ ಬಂದರೆ ಟಾನಿಕ್‌ಗೆ ಇರಲಿ. ಅಗ್ಗದ ಎಸೆನ್ಸ್ ಜಿನ್ ಆಗಿದ್ದರೆ ಅದೂ ಇಲ್ಲಿ ಸಿಕ್ಕಿಬೀಳುತ್ತದೆ. ಮೂಗಿಗೆ ಜೋರಾಗಿ ಹೊಡೆದು, ಬಾಯಿಗೆ ಹಾಕಿದರೆ ಬರೀ ನೀರು, ಹಿಂದೆ ಕಾಕಂಬಿಯ ಸಿಹಿ.

ಜಿನ್ ಆಯಿತು. ಈಗ ನಿಮ್ಮ ಶೋಕೇಸಿನ ವರ್ಮೂತ್. ಅದನ್ನು ಇವತ್ತೇ ಸಿಂಕಿಗೆ ಸುರಿಯಿರಿ.

ವರ್ಮೂತ್ ವಿಸ್ಕಿ ರಮ್‌ನ ಹಾಗೆ ಅಲ್ಲ. ಅದು ವೈನ್. ಸ್ವಲ್ಪ ಸ್ಪಿರಿಟ್ ಸೇರಿಸಿ ಗಟ್ಟಿ ಮಾಡಿದ್ದಾರೆ, ಗಿಡಮೂಲಿಕೆ ಹಾಕಿದ್ದಾರೆ, ಆದರೂ ವೈನೇ. ಮುಚ್ಚಳ ತೆರೆದ ದಿನದಿಂದ ಗಾಳಿ ಅದನ್ನು ತಿನ್ನಲು ಶುರು ಮಾಡುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಶೋಕೇಸಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹಳದಿ ತಿರುಗಿ, ಹುಳಿಯಾಗಿ, ಹಳೇ ಸೇಬಿನ ವಾಸನೆ ಬರುತ್ತದೆ. ಆ ಹೆಸರೇ ವರ್ಮ್‌ವುಡ್ ಎಂಬ ಗಿಡದ ಜರ್ಮನ್ ಹೆಸರಿನಿಂದ ಬಂದದ್ದು. ನಮ್ಮ ದವನ, ಮಾಚಿಪತ್ರೆ ಇದೆಯಲ್ಲ, ಅವುಗಳ ಅಕ್ಕತಂಗಿ ಅದು. ತಾಜಾ ಇದ್ದಾಗ ಆ ಕಹಿ ಹಿತ. ವೈನ್ ಹಳಸಿದ ಮೇಲೆ ಕಹಿ ಮಾತ್ರ ಉಳಿಯುತ್ತದೆ. ಕೆಮ್ಮಿನ ಔಷಧ!

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಹಡಗಿನಲ್ಲಿ ಎರಡನೇ ವರ್ಷ. ವಯಸ್ಸಾದ ಅತಿಥಿಯೊಬ್ಬರು ಸತತ ಮೂರು ಸಂಜೆ ಮಾರ್ಟಿನಿ ವಾಪಸ್ ಕಳಿಸಿದರು. ನಾನು ಮೂರು ಸಲವೂ ಜಿನ್ ಬದಲಾಯಿಸಿದೆ, ಪ್ರತಿ ಸಲ ಹಿಂದಿನದಕ್ಕಿಂತ ದುಬಾರಿಯದ್ದು. ಮೂರನೇ ದಿನ ನಮ್ಮ ಹಿರಿಯ ಬಾರ್‌ಮ್ಯಾನ್, ಗೋವಾದವರು, ಏನೂ ಮಾತಾಡದೆ ಬಂದು ವರ್ಮೂತ್ ಬಾಟಲಿಯ ಮೂತಿಗೆ ಮೂಗಿಟ್ಟು, ಅದನ್ನು ನನ್ನ ಮೂಗಿಗೂ ಹಿಡಿದರು. ವಿನೆಗರ್. ಕೌಂಟರಿನ ಬೆಚ್ಚಗಿನ ದೀಪದ ಕೆಳಗೆ ಅದು ಎಷ್ಟು ವಾರದಿಂದ ನಿಂತಿತ್ತೋ. ಹೊಸ ಬಾಟಲಿ ತೆರೆದು, ಇದ್ದುದರಲ್ಲೇ ಅಗ್ಗದ ಜಿನ್ ಹಾಕಿ ಅವರೇ ಮಾಡಿಕೊಟ್ಟರು. ಅತಿಥಿ ಆಮೇಲೆ ಎರಡು ಕುಡಿದು ಹೋದರು.

ಹೊಸದು ಕೊಳ್ಳುವಾಗ ಒಂದು ಗುಂಡಿ ಇದೆ, ಬೀಳಬೇಡಿ. ಮಾರ್ಟಿನಿ ಅನ್ನುವುದು ಪಾನೀಯದ ಹೆಸರೂ ಹೌದು, ಇಟಲಿಯ ಒಂದು ವರ್ಮೂತ್ ಬ್ರ್ಯಾಂಡ್‌ನ ಹೆಸರೂ ಹೌದು. ಅಂಗಡಿಯಲ್ಲಿ "ಮಾರ್ಟಿನಿ ಕೊಡಿ" ಅಂದರೆ ಕೈಗೆ ಬರುವುದು ಬಿಯಾಂಕೋ ಆಗಿರಬಹುದು. ಅದೂ ತಿಳಿ ಬಣ್ಣದ್ದೇ, ಆದರೆ ಸಿಹಿ. ನಿಮಗೆ ಬೇಕಾದ್ದು "ಎಕ್ಸ್‌ಟ್ರಾ ಡ್ರೈ" ಅಂತ ಬರೆದದ್ದು. ನಿಮ್ಮ ಕ್ರಿಸ್‌ಮಸ್ ಬಾಟಲಿಯ ಲೇಬಲ್ ಸುರಿಯುವ ಮೊದಲು ಒಮ್ಮೆ ಓದಿ, ಅದೂ ಬಿಯಾಂಕೋ ಆಗಿದ್ದರೆ ನನಗೆ ಆಶ್ಚರ್ಯ ಇಲ್ಲ. ಫ್ರಾನ್ಸಿನ ನೋಯಿ ಪ್ರಾ ಅಥವಾ ಡೋಲಾಂ ಡ್ರೈ ಎಲ್ಲಾದರೂ ಕಂಡರೆ ಯೋಚಿಸದೆ ತಗೊಳ್ಳಿ. ಭಾವನ 2 ಲೀಟರ್‌ನಲ್ಲಿ ಒಂದು ಲೀಟರ್ ಜಿನ್ ಹೋದರೆ ಇನ್ನೂ ಜಾಗ ಇದೆಯಲ್ಲ. ಸಣ್ಣ ಬಾಟಲಿ ಸಿಕ್ಕಿದರೆ ಇನ್ನೂ ಒಳ್ಳೆಯದು. ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಹೆಚ್ಚೆಂದರೆ ಎರಡು ತಿಂಗಳಲ್ಲಿ ಮುಗಿಸಿ. ಮಿಕ್ಕಿದರೆ ಸಿಗಡಿ ಹುರಿಯುವಾಗ ಒಂದು ಚಮಚ ಹಾಕಿ ನೋಡಿ, ನನ್ನ ಹೆಂಡತಿಗೆ ಹೇಳದೆ ನಾನು ಮಾಡಿದ್ದೆ. ಇನ್ನೊಮ್ಮೆ ಬಡಿಸಿಕೊಂಡಳು.

ಅಳತೆಗೆ 60ಕ್ಕೆ 15 ರಿಂದ ಶುರು ಮಾಡಿ. ಒಂದು ಕಾಲದಲ್ಲಿ ಅರ್ಧಕ್ಕರ್ಧ ಹಾಕುತ್ತಿದ್ದರು, ಬರುತ್ತಾ ಬರುತ್ತಾ ವರ್ಮೂತ್ ಕಡಿಮೆಯಾಯಿತು. ವರ್ಮೂತ್ ಬಾಟಲಿಯ ಮುಚ್ಚಳ ತೆರೆದು ತೋರಿಸಿದರೆ ಸಾಕು ಅನ್ನುವ ಶೂರರೂ ಇದ್ದಾರೆ. ಅವರು ಕುಡಿಯುವುದು ತಣ್ಣಗಿನ ಜಿನ್. ಕುಡಿಯಲಿ, ಅದಕ್ಕೆ ಮಾರ್ಟಿನಿ ಅನ್ನಬಾರದು ಅಷ್ಟೇ.

ಐಸ್‌ಗೆ ಕುದಿಸಿ ಆರಿಸಿದ ನೀರು ಬಳಸಿ. ನಮ್ಮ ಮಂಗಳೂರಿನ ತುಂಬೆ ಅಣೆಕಟ್ಟಿನ ನೀರಾಗಲಿ ನಿಮ್ಮ ಉಡುಪಿಯ ಬಜೆ ಅಣೆಕಟ್ಟಿನ ನೀರಾಗಲಿ, ನಲ್ಲಿಯಲ್ಲಿ ಬರುವಾಗ ಕ್ಲೋರಿನ್ ವಾಸನೆ ಇರುತ್ತದೆ. ಸಮುದ್ರದ ಹತ್ತಿರದ ಬಾವಿಯಾದರೆ ಎಪ್ರಿಲ್ ಮೇಯಲ್ಲಿ ಉಪ್ಪು, ಅದು ಕುದಿಸಿದರೂ ಹೋಗದು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಐಸ್ ಮಾಡಿ, ಎರಡೇ ದಿನದಲ್ಲಿ ಬಳಸಿ. ಟ್ರೇಯಲ್ಲಿ ಬಾಯಿ ತೆರೆದು ಕೂತ ಐಸ್ ಪಕ್ಕದ ಬಂಗುಡೆಯ ಸಂಗ ಬಿಡುವುದಿಲ್ಲ. ಬಳಸುವ ಮುಂಚೆ ತಣ್ಣೀರಿನಲ್ಲಿ ಒಮ್ಮೆ ಬೇಗ ತೊಳೆದರೂ ಮೇಲಿನ ವಾಸನೆ ಹೋಗುತ್ತದೆ.

ಒಂದು ಎತ್ತರದ ಸ್ಟೀಲ್ ಚೊಂಬಿಗೆ ಮುಕ್ಕಾಲು ಐಸ್ ತುಂಬಿ, ಜಿನ್, ವರ್ಮೂತ್ ಹಾಕಿ, ಉದ್ದ ಚಮಚದಿಂದ ಮೂವತ್ತು ಸೆಕೆಂಡ್ ಕಲಕಿ. ಸದ್ದು ಬರಬಾರದು, ಐಸ್ ಒಟ್ಟಿಗೆ ತಿರುಗಬೇಕು. ಸ್ಟೀಲ್‌ನ ಹೊರಮೈ ಬೆವರಿ ಮಂಜು ಕಟ್ಟಿದಾಗ ಸಾಕು. ಸಿನಿಮಾ ಹೀರೋ ಹಾಗೆ ಕುಲುಕಬೇಡಿ. ಕುಲುಕಿದರೆ ಗಾಳಿ ಸೇರಿ, ಐಸ್ ಚೂರಾಗಿ, ಮೋಡ ಕವಿದ ನೀರಿನ ಹಾಗೆ ಕಾಣುತ್ತದೆ. ಜಿನ್ ಬಾಟಲಿಯನ್ನೇ ಫ್ರೀಜರ್‌ನಲ್ಲಿಡುವವರಿದ್ದಾರೆ. ಹೆಪ್ಪುಗಟ್ಟುವುದಿಲ್ಲ, ಪಾಕದ ಹಾಗೆ ಮಂದವಾಗುತ್ತದೆ. ಆದರೆ ಆಗ ಐಸ್ ಕರಗುವುದು ತೀರಾ ಕಡಿಮೆ. ನಾನು ಲೆಕ್ಕದಲ್ಲಿ ಹೇಳಿದ ಆ 20 ಮಿ.ಲೀ. ನೀರು ಬರದೆ ಗಂಟಲು ಸುಡುತ್ತದೆ. ಫ್ರಿಜ್ ಸಾಕು. ಫ್ರೀಜರ್‌ನಲ್ಲಿ ಇಡಬೇಕಾದ್ದು ಗ್ಲಾಸ್. ಅದೂ ಸಣ್ಣದು. ದೊಡ್ಡ ತ್ರಿಕೋನದ ಗ್ಲಾಸ್‌ನಲ್ಲಿ ಹಾಕಿದರೆ ನಮ್ಮ ಸೆಕೆಗೆ ಅರ್ಧ ಕುಡಿಯುವಾಗಲೇ ಬೆಚ್ಚಗಾಗುತ್ತದೆ. ಇಷ್ಟರಲ್ಲಿ ಇರುವ ಆಲ್ಕೊಹಾಲ್ ಎರಡು ಸ್ಮಾಲ್‌ಗಿಂತ ತುಸು ಜಾಸ್ತಿಯೇ, ಹಾಗಾಗಿ ಕುಡಿದು ಮಣಿಪಾಲದ ದಾರಿಗೆ ಸ್ಕೂಟರ್ ತೆಗೆಯಬೇಡಿ.

ಮೇಲೆ ಹಾಕಲು ಲಿಂಬೆ ಸಿಪ್ಪೆ. ನಮ್ಮ ಸಣ್ಣ ಲಿಂಬೆಯ ಸಿಪ್ಪೆ ತೀರಾ ತೆಳು, ಘಮವೂ ಬೇರೆ. ದಪ್ಪ ಸಿಪ್ಪೆಯ ಗಜಲಿಂಬೆ ಸಿಕ್ಕಿದರೆ ಬಹಳ ಒಳ್ಳೆಯದು. ಹೆಬ್ಬೆರಳಗಲ ಸಿಪ್ಪೆ, ಬಿಳಿ ಭಾಗ ಆದಷ್ಟು ಕಡಿಮೆ ಬರುವಂತೆ ಕೊಯ್ದು, ಗ್ಲಾಸಿನ ಮೇಲೆ ಹಿಡಿದು ಹಿಂಡಿ. ಬೆಳಕಿಗೆ ಹಿಡಿದು ನೋಡಿದರೆ ಎಣ್ಣೆಯ ಸಣ್ಣ ತುಂತುರು ಹಾರುವುದು ಕಾಣುತ್ತದೆ, ಮಾರ್ಟಿನಿಯ ಮೇಲೆ ಅದು ಕಣ್ಣಿಗೆ ಕಾಣದಷ್ಟು ತೆಳುವಾಗಿ ಹರಡುತ್ತದೆ.

ಆಲಿವ್ ಬೇಕು ಅನ್ನಿಸಿದರೆ ಬಾಟಲಿಯ ಆಲಿವ್ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ನಾನು ಈಗ ಅದನ್ನು ತರುವುದು ಬಿಟ್ಟಿದ್ದೇನೆ. ಅಮ್ಮ ಉಪ್ಪುನೀರಿನಲ್ಲಿ ಹಾಕಿಟ್ಟ ಕರಂಡೆ ಕಾಯಿ (ಕವಳಿ ಕಾಯಿ) ಒಮ್ಮೆ ಎರಡು ಎತ್ತಿ ಹಾಕಿದೆ, ಸುಮ್ನೆ ನೋಡೋಣ ಅಂತ. ಅದೇ ಗಾತ್ರ, ಅದೇ ಉಪ್ಪು, ಮೇಲೆ ಸ್ವಲ್ಪ ಹುಳಿ. ಗ್ರೇಟರ್ ದ್ಯಾನ್ ಜೊತೆ ಆಲಿವ್‌ಗಿಂತ ಚೆನ್ನಾಗಿ ಕೂತಿತು. ಮೆಣಸು ಹಾಕದ, ಬರೀ ಉಪ್ಪಿನದ್ದಾಗಿರಬೇಕು. ನಿಮ್ಮ ಮನೆಯ ಭರಣಿ ಖಾಲಿಯಾಗಿದ್ದರೆ ಬೇಸಿಗೆಯಲ್ಲಿ ಗುಡ್ಡೆಯಲ್ಲಿ ಕರಂಡೆ ಆಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಗಜಲಿಂಬೆ ಸಿಪ್ಪೆ ಹಾಕಿ.